ಗಿರಾಕಿಯ ಮನೆಯಿಂದ ಶುರುವಾಗಲಿ ವ್ಯಾಪಾರ

ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರದ ಸುತ್ತಲಿನ ಗಣಿಗಳಲ್ಲಿ ಸಿಗುವ ಸುಣ್ಣದ ಕಲ್ಲು ಹುಟ್ಟಿನಿಂದಲೇ ಪದರು ಪದರಾಗಿರುತ್ತದೆ. ಉಳಿ, ಸುತ್ತಿಗೆ, ಹಾರೆ ಹಿಡಿದ ಕಾರ್ಮಿಕರು ಅದನ್ನು ಹಾಳೆಯಂತೆ ಎಬ್ಬಿಸುತ್ತಾರೆ. ಈ ಶಹಾಬಾದಿ ಫರ್ಸಿ ಒಂದು ಕಾಲಕ್ಕೆ ಕರ್ನಾಟಕ, ಮಹಾರಾಷ್ಟ್ರ, ಹೈದರಾಬಾದ್ ಸೀಮೆಯ ಎಷ್ಟೋ ಮನೆ, ಶಾಲೆ, ರೈಲು ನಿಲ್ದಾಣಗಳ ನೆಲವಾಗಿತ್ತು. ಬಿಸಿಲು ನಾಡಿನಲ್ಲಿ ಬರಿಗಾಲಿಗೆ ತಂಪು, ತಲೆಮಾರು ದಾಟುವ ಬಾಳಿಕೆ, ಕೈಗೆಟುಕುವ ದರ. ಆದರೂ ಇಂದು ಫರ್ಸಿ ಹುಟ್ಟುವ ಸೀಮೆಯಲ್ಲೇ ಕಟ್ಟುವ ಹೊಸ ಮನೆಗಳಿಗೆ ವಿಟ್ರಿಫೈಡ್ ಟೈಲ್ಸ್ ಬಂದು ಬೀಳುತ್ತಿವೆ. ಗುಜರಾತಿನ ಮೋರ್ಬಿ ಈ ಟೈಲ್ಸ್‌ನ ದೊಡ್ಡ ಕೇಂದ್ರ.

ಕಲ್ಲು ಕೆಟ್ಟಿಲ್ಲ. ಮನೆ ಕಟ್ಟಿಸುವವರ ಅಗತ್ಯ ಬದಲಾಗಿದೆ. ಕೈಯಿಂದ ಎಬ್ಬಿಸಿದ ಫರ್ಸಿಯ ದಪ್ಪ ಒಂದರಂತೆ ಇನ್ನೊಂದಿರುವುದಿಲ್ಲ. ಮಟ್ಟಕ್ಕೆ ತರಲು ಗೌಂಡಿಗೆ ಸಿಮೆಂಟ್ ಹೆಚ್ಚು ಬೇಕು, ಸಮಯವೂ ಹೆಚ್ಚು ಬೇಕು. ಹಾಸಿದ ಮೇಲೆ ಪಾಲಿಶ್ ಯಂತ್ರ ತರಿಸಬೇಕು, ಆ ರಾಡಿ ತೊಳೆಯಬೇಕು. ಟೈಲ್ಸ್ ಬಾಕ್ಸ್ ಮೇಲಾದರೆ ಅಳತೆ, ದಪ್ಪ, ಎಷ್ಟು ಚದರಡಿಗೆ ಸಾಲುತ್ತದೆ ಎಂಬುದೆಲ್ಲ ಅಚ್ಚಾಗಿರುತ್ತದೆ. ಕಲ್ಲಿನ ದರದಲ್ಲಿ ಉಳಿದ ಹಣ ಕೂಲಿಗೆ ಹೋಗುವುದಾದರೆ ಯಾರಾದರೂ ಟೈಲ್ಸ್ ಕಡೆಗೇ ವಾಲುತ್ತಾರೆ. ದಪ್ಪ ಸಮ ಮಾಡಿ, ಅಳತೆವಾರು ವಿಂಗಡಿಸಿ, ಅಂಚು ಒಡೆಯದಂತೆ ಕಟ್ಟಿ ಕಳಿಸಲು ಮಹಾ ಸಂಶೋಧನೆ ಬೇಕಿಲ್ಲ. ಲಾರಿ ತುಂಬಿಸಿದ ಮೇಲೂ ಕಲ್ಲಿನ ಹಿಂದೆಯೇ ಹೋಗಿ, ಅದು ನೆಲವಾಗುವವರೆಗೆ ಗೌಂಡಿಯ ಪಕ್ಕದಲ್ಲಿ ನಿಂತು ನೋಡುವ ವ್ಯವಧಾನ ಬೇಕು.

ವ್ಯಾಪಾರ ಜಗತ್ತು ಈ ವ್ಯವಧಾನವನ್ನು ಒಂದು ಕ್ರಮಕ್ಕೆ ತಂದು ‘ಡಿಸೈನ್ ಥಿಂಕಿಂಗ್’ ಎಂದು ಕರೆಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿ.ಸ್ಕೂಲ್ ಇದನ್ನು ಪಾಠವಾಗಿಸಿತು. ಐಡಿಯೋ ಸಂಸ್ಥೆಯ ಟಿಮ್ ಬ್ರೌನ್ 2008ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ಗೆ ಬರೆದ ಲೇಖನ ಇದನ್ನು ಕಂಪನಿಗಳಿಗೆ ಮುಟ್ಟಿಸಿತು. ಹಂತಗಳು ಐದು: ಬಳಸುವವರ ಜೊತೆಗಿದ್ದು ಅವರನ್ನು ಅರಿಯುವುದು, ಅವರ ನಿಜವಾದ ತೊಂದರೆಯನ್ನು ಗುರುತಿಸುವುದು, ಹಲವು ಪರಿಹಾರ ಯೋಚಿಸುವುದು, ಕಡಿಮೆ ಖರ್ಚಿನಲ್ಲಿ ಒಂದು ಮಾದರಿ ಮಾಡುವುದು, ಅದನ್ನು ಅವರ ಕೈಗೇ ಕೊಟ್ಟು ಪರೀಕ್ಷಿಸಿ ತಿದ್ದುವುದು.

ಬೆಂಗಳೂರಿನ ಹೋಟೆಲ್ ಸಭಾಂಗಣಗಳಲ್ಲಿ ನಡೆಯುವ ಕಾರ್ಯಾಗಾರಗಳಿಗಷ್ಟೇ ಇದು ಸರಿ, ಸುಲೇಪೇಟದ ಕಿರಾಣಿ ಅಂಗಡಿಗೆ, ಸೇಡಂನ ದಾಲ್‌ಮಿಲ್‌ಗೆ ಸಂಬಂಧವಿಲ್ಲ ಎಂಬ ಭಾವನೆ ನಮ್ಮಲ್ಲಿದೆ. ಕರ್ನಾಟಕದ ವ್ಯಾಪಾರ ಚರಿತ್ರೆ ಇದಕ್ಕೆ ಪೂರಾ ಉಲ್ಟಾ ಸಾಕ್ಷಿ ಹೇಳುತ್ತದೆ.

ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಅದರ ಹಿಂದೆ ಡಾ. ಟಿ.ಎಂ.ಎ. ಪೈ ಇದ್ದರು. ದಿನಗೂಲಿಯವರು, ಸಣ್ಣ ವ್ಯಾಪಾರಿಗಳು ಬ್ಯಾಂಕಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಹತ್ತಿದರೂ ಒಮ್ಮೆಗೇ ಇಡುವಷ್ಟು ದುಡ್ಡು ಅವರಲ್ಲಿರಲಿಲ್ಲ. ಹಾಗಾಗಿ ಬ್ಯಾಂಕಿನ ಏಜೆಂಟರೇ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಪಡೆದುಕೊಂಡರು. ಯಂತ್ರವಿಲ್ಲ, ದೊಡ್ಡ ಬಂಡವಾಳವಿಲ್ಲ. ದುಡಿಯುವವರ ದಿನಚರಿಯನ್ನು ಹತ್ತಿರದಿಂದ ನೋಡಿ ಕಟ್ಟಿದ ವ್ಯವಸ್ಥೆ ಅದು. ‘ಪಿಗ್ಮಿ ಕಟ್ಟುವುದು’ ಇಂದಿಗೂ ನಮ್ಮ ಬಜಾರಗಳ ಆಡುಮಾತು.

1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಸೌರ ದೀಪ ಒದಗಿಸುವ ಸೆಲ್ಕೋ ಸಂಸ್ಥೆಯೂ ಇದೇ ದಾರಿ ಹಿಡಿಯಿತು. ತಿಂಗಳಿಗೆ ಮುನ್ನೂರು ರೂಪಾಯಿ ಕಟ್ಟಲಾಗದು, ದಿನಕ್ಕೆ ಹತ್ತಾದರೆ ಕಟ್ಟಬಲ್ಲೆ ಎಂದು ಬೀದಿ ವ್ಯಾಪಾರಿಯೊಬ್ಬರು ಹೇಳಿದ ಮಾತಿನಿಂದ ತಾವು ಹಣಕಾಸಿನ ಪಾಠ ಕಲಿತದ್ದನ್ನು ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ಲೆಕ್ಕದಲ್ಲಿ ಎರಡೂ ಒಂದೇ. ಸಂಜೆ ಕೈಗೆ ಬಂದದ್ದರಲ್ಲಿ ಸಂಸಾರ ನಡೆಸುವವರಿಗೆ ಮಾತ್ರ ಎರಡೂ ಬೇರೆ ಬೇರೆ. ಸೌರ ದೀಪದ ಜೊತೆಗೆ ಕಂತಿನ ರೀತಿಯನ್ನೂ ಗಿರಾಕಿಯ ಗಳಿಕೆಗೆ ಹೊಂದಿಸಿದ್ದರಿಂದ ಅದು ಬಡವರ ಮನೆ ಸೇರಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಚಿಂಚೋಳಿ, ಸೇಡಂ ತಾಲ್ಲೂಕುಗಳ ಒಣಬೇಸಾಯಕ್ಕೆ ಈ ಪಾಠ ತೀರಾ ಹತ್ತಿರದ್ದು. ಮುಂಗಾರಿಗೆ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಗೆ. ಊರಿನ ಅಂಗಡಿಕಾರರಿಗೆ ಇದು ಗೊತ್ತಿರುವುದರಿಂದಲೇ ರಾಶಿಯವರೆಗೆ ಉದ್ರಿ ಬರೆದುಕೊಳ್ಳುತ್ತಾರೆ. ವಾರವಾರ ಕಂತು ಕೇಳುವ ಕಿರುಸಾಲ ವ್ಯವಸ್ಥೆ ಈ ಲೆಕ್ಕವನ್ನೇ ಮರೆಯಿತು. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಕೊಡುವವರು ಬೆಳೆಯ ಕಾಲ ನೋಡಿ ಕಂತು ಕಟ್ಟಿಸಿದ್ದರೆ ಎಷ್ಟೋ ಮನೆಗಳ ಸಂಕಟ ತಪ್ಪುತ್ತಿತ್ತು.

ಒಳ್ಳೆಯ ಉದಾಹರಣೆಯೂ ಈ ಜಿಲ್ಲೆಯಲ್ಲೇ ಇದೆ. ಜೋಳದ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳು ಇಲ್ಲಿ ಮೊದಲಿಂದಲೂ ಇದ್ದಾರೆ. ಖಡಕ್ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ ಎಂಬುದೂ ಹೊಸ ಸಂಗತಿಯಲ್ಲ. ದುಡಿಮೆಗಾಗಿ ಊರು ಬಿಟ್ಟು ಬೆಂಗಳೂರಿಗೆ ಹೋದ ಸಾವಿರಾರು ಜನ ಆ ರೊಟ್ಟಿಗಾಗಿ ಹಂಬಲಿಸುತ್ತಾರೆ, ಆದರೆ ನಗರದ ಬಾಡಿಗೆ ಕೋಣೆಯಲ್ಲಿ ಬಡಿಯಲು ಅವರಿಗೆ ಪುರುಸೊತ್ತಿಲ್ಲ. ಜಿಲ್ಲಾಡಳಿತ ಮಹಿಳಾ ಸ್ವಸಹಾಯ ಸಂಘಗಳನ್ನು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ತಂದಾಗ ಈ ಎರಡು ತುದಿಗಳು ಕೂಡಿದವು. ಆನ್‌ಲೈನ್ ಆರ್ಡರ್ ಬರತೊಡಗಿದವು, ಬೆಂಗಳೂರಿನಲ್ಲಿ ಕೌಂಟರ್ ತೆರೆಯಿತು. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿರುವುದನ್ನು ಪ್ರಧಾನಿ 2025ರ ಜೂನ್ 29ರ ‘ಮನ್ ಕಿ ಬಾತ್’ನಲ್ಲಿ ಪ್ರಸ್ತಾಪಿಸಿದರು. ಹಿಟ್ಟು ಅದೇ, ಹಂಚು ಅದೇ, ಕೈಯೂ ಅದೇ. ಯಾರಿಗೆ, ಎಲ್ಲಿ, ಹೇಗೆ ತಲುಪಬೇಕು ಎಂಬ ಯೋಚನೆ ಬದಲಾಯಿತು.

ತೊಗರಿಗೆ ಈ ಭಾಗ್ಯ ಇನ್ನೂ ಪೂರ್ತಿ ಬಂದಿಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಆದರೂ ಬಹುಪಾಲು ಬೇಳೆ ದೊಡ್ಡ ಚೀಲಗಳಲ್ಲಿ ಸಗಟು ವ್ಯಾಪಾರಿಗಳಿಗೆ ಹೋಗಿ, ಅಲ್ಲಿಂದ ಯಾವುದೋ ಹೆಸರಿನ ಪ್ಯಾಕೆಟ್ ಆಗುತ್ತದೆ. ಮೈಸೂರಿನಲ್ಲಿ ಸಾರು ಮಾಡುವ ಗೃಹಿಣಿಗೆ ಅದು ಕಾಗಿಣಾ ತೀರದ ಬೇಳೆ ಎಂದು ತಿಳಿಯುವ ದಾರಿಯೇ ಇಲ್ಲ. ಕುಕ್ಕರ್‌ನಲ್ಲಿ ಎಷ್ಟು ಸೀಟಿಗೆ ಬೇಯಬೇಕು, ಎಷ್ಟು ತೂಕದ ಪ್ಯಾಕೆಟ್ ಬೇಕು, ಎಣ್ಣೆ ಸವರಿದ್ದು ಬೇಕೋ ಬೇಡವೋ ಎಂದು ಆಕೆಯನ್ನು ಕೇಳುವ ಕೆಲಸ ದಾಲ್‌ಮಿಲ್‌ಗಳಿಂದ ಆಗಬೇಕು.

ಗಿರಾಕಿಯನ್ನು ಕೇಳಿದ ಮಾತ್ರಕ್ಕೆ ಎಲ್ಲ ಕಷ್ಟ ನೀಗುವುದಿಲ್ಲ. ನೆಟೆ ರೋಗ ಬಂದರೆ ಬೆಳೆ ಹೋಗುತ್ತದೆ, ಆಮದು ತೊಗರಿ ದರ ಬೀಳಿಸುತ್ತದೆ, ಹದಗೆಟ್ಟ ರಸ್ತೆಯಲ್ಲಿ ಫರ್ಸಿ ಒಡೆಯುತ್ತದೆ. ಅವಕ್ಕೆ ಸರ್ಕಾರವೇ ಉತ್ತರಿಸಬೇಕು. ಆದರೆ ಸರ್ಕಾರಕ್ಕಾಗಿ ಕಾಯದೆ ಮಾಡಬಹುದಾದ ಕೆಲಸವೂ ಬಹಳವಿದೆ.

ಬರುವ ರಾಶಿಯ ಹೊತ್ತಿಗೆ ಸುಲೇಪೇಟ ಹೋಬಳಿಯ ರೈತ ಉತ್ಪಾದಕರು ಒಂದೆರಡು ಕ್ವಿಂಟಲ್ ಬೇಳೆಯನ್ನಷ್ಟೇ ಊರಿನ ಹೆಸರಲ್ಲಿ ಕಿಲೋ ಪ್ಯಾಕೆಟ್ ಮಾಡಿ, ಕೊಂಡ ಮನೆಗಳಿಗೆ ತಿಂಗಳ ನಂತರ ಫೋನ್ ಮಾಡಿ ಕೇಳಲಿ. ಶಹಾಬಾದಿನ ಪಾಲಿಶ್ ಘಟಕಗಳು ಹತ್ತು ಗೌಂಡಿಗಳನ್ನು ಕರೆಸಿ ಅವರ ದೂರು ಬರೆದುಕೊಳ್ಳಲಿ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ತಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಈ ಗಣಿ, ಮಿಲ್, ರೊಟ್ಟಿ ಕೇಂದ್ರಗಳನ್ನೇ ಆರಿಸಿಕೊಳ್ಳಲಿ. ಮೊದಲ ಪ್ರಯೋಗಕ್ಕೆ ತಗಲುವ ಖರ್ಚು ಕಡಿಮೆ. ಸೇಡಂ, ಚಿಂಚೋಳಿಯ ವರ್ತಕರ ಸಂಘಗಳು ಇದನ್ನು ಈ ವರ್ಷವೇ ಕೈಗೆತ್ತಿಕೊಳ್ಳಬೇಕು.