ನಾಲಿಗೆ ಮರೆತ ಅಕ್ಷರ

ಗೋಕಾಕದಲ್ಲಿ ಹೆಣ್ಣುಮಕ್ಕಳ ಕುರ್‌ಆನ್ ತರಗತಿ ಮುಗಿದ ಮೇಲೆ ಮೂಡಲಗಿಯಿಂದ ಬಂದಿದ್ದ ತಾಯಿಯೊಬ್ಬರು ಹಿಂದೆ ಉಳಿದರು. "ಆಪಾ, ನನಗ ಅರಬ್ಬಿ ಓದಾಕ ಬರೂದಿಲ್ರಿ. ಕನ್ನಡದಾಗ ಬರ್ದಿದ್ದ ಯಾಸೀನ್ ಓದ್ತೀನಿ. ನಡೀತೈತೇನ್ರಿ?" ಎಂದು ಮೆಲ್ಲಗೆ ಕೇಳಿದರು. ಹುಕ್ಕೇರಿಯ ಸಹೋದರಿಯೊಬ್ಬರೂ ಹಿಂದೆ ಇದನ್ನೇ ಕೇಳಿದ್ದರು. ಉತ್ತರಕ್ಕೆ ಮೊದಲು ಕನ್ನಡದ್ದೇ ಒಂದು ಸಂಗತಿ ಹೇಳುತ್ತೇನೆ.

ಹಳಗನ್ನಡದಲ್ಲಿ ೞ ಮತ್ತು ಱ ಎಂಬ ಎರಡು ಅಕ್ಷರಗಳಿದ್ದವು. ಇಂದಿನ ಮಳೆ ಅಂದು 'ಮೞೆ', ಕೋಳಿ 'ಕೋೞಿ', ನೂರು 'ನೂಱು'. ಕ್ರಮೇಣ ಜನರ ಬಾಯಲ್ಲಿ ೞ ಹೋಗಿ ಳ ಆಯಿತು, ಱ ಹೋಗಿ ರ ಆಯಿತು. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞ ಬರುವ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಬಾಯಿ ಮರೆತದ್ದನ್ನು ಕೈ ಎಷ್ಟು ದಿನ ನೆನಪಿಟ್ಟೀತು? ಇಂದು ನಮ್ಮ ಮಕ್ಕಳ ವರ್ಣಮಾಲೆಯಲ್ಲಿ ಅವೆರಡೂ ಇಲ್ಲ. ಇಂಗ್ಲಿಷಿನಲ್ಲೂ 'ಥಾರ್ನ್' ಎಂಬ ಅಕ್ಷರವಿತ್ತು. ಅಲ್ಲಿ ಉಚ್ಚಾರ ಉಳಿಯಿತು, ಅಕ್ಷರ ಹೋಯಿತು. ಈಗ ಅದರ ಬದಲು ಟಿ, ಎಚ್ ಸೇರಿಸಿ ಬರೆಯುತ್ತಾರೆ.

ನಮ್ಮ ದಖ್ಖನಿ ಮಾತನ್ನೇ ನೋಡಿ. ಸುದ್ದಿಗೂ 'ಖಬರ್' ಅನ್ನುತ್ತೇವೆ, ಗೋರಿಗೂ 'ಖಬರ್' ಅನ್ನುತ್ತೇವೆ. ಗೋರಿಯ 'ಕಾಫ್' ನಮ್ಮ ನಾಲಿಗೆಯಿಂದ ಜಾರಿಹೋಗಿದೆ. ಮನೆಮಾತಿನಲ್ಲಿ ಇದರಿಂದ ನಷ್ಟವೇನಿಲ್ಲ, ಸಂದರ್ಭ ನೋಡಿ ಅರ್ಥ ತಿಳಿಯುತ್ತದೆ.

ಆದರೆ ಅಲ್ಲಾಹನ ಕಲಾಮ್ ಹಾಗಲ್ಲ. ಅರಬ್ಬಿಯ ಸೇ, ಸೀನ್, ಸ್ವಾದ್ ಮೂರೂ ಕನ್ನಡದಲ್ಲಿ ಒಂದೇ 'ಸ' ಆಗುತ್ತವೆ. ಜಾಲ್, ಜೇ, ಜ್ವಾದ್, ಜೋಯ್ ನಾಲ್ಕೂ ಒಂದೇ 'ಝ' ಆಗುತ್ತವೆ. ಕನ್ನಡದಲ್ಲಿ 'ಕಲ್ಬ್' ಎಂದು ಬರೆದರೆ ಅದು ಹೃದಯವೂ ಆದೀತು, ನಾಯಿಯೂ ಆದೀತು! ನಾಲಿಗೆಯ ತೀರಾ ಹಿಂಭಾಗದಿಂದ ಕಾಫ್ ಹೊರಟರೆ ಹೃದಯ, ಇಲ್ಲದಿದ್ದರೆ ನಾಯಿ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಕನ್ನಡದ ಪುಸ್ತಕ ಊರುಗೋಲು. ಅದನ್ನು ಹಿಡಿದು ಎದ್ದು ನಿಲ್ಲಿರಿ, ಆದರೆ ಅಲ್ಲಿಗೇ ನಿಲ್ಲಬೇಡಿರಿ. ದಿನಕ್ಕೊಂದು ಅಕ್ಷರ ಕಲಿತರೂ ಅರಬ್ಬಿಯ ಇಪ್ಪತ್ತೆಂಟು ಅಕ್ಷರಗಳು ಒಂದು ತಿಂಗಳೊಳಗೆ ಮುಗಿಯುತ್ತವೆ. ಬಲ್ಲವರ ಬಾಯಿ ನೋಡಿ, ಕಿವಿಯಿಂದ ಕೇಳಿ ಕಲಿಯಿರಿ. ಮಕ್ಕಳ ಮುಂದೆ ಕಲಿಯಲು ನಾಚಿಕೆ ಬೇಡ.

ತೊದಲುತ್ತಾ, ಕಷ್ಟಪಟ್ಟು ಕುರ್‌ಆನ್ ಓದುವವರಿಗೆ ಎರಡು ಪಟ್ಟು ಪ್ರತಿಫಲವಿದೆ ಎಂದು ಪ್ರವಾದಿಯವರು(ಸ) ತಿಳಿಸಿದ್ದಾರೆ. ಮರುವಾರ ಆ ತಾಯಿ ಮೊಮ್ಮಗಳ ಕಾಯಿದಾ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತಿದ್ದರು.