ಬಂದೂಕಿನ ಲೈಸೆನ್ಸುದಾರರಿಗೆ ಒಂದು ಕಾನೂನು ನಿಧಿ ಬೇಕು

ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದರೆ ಏನಾಗುತ್ತದೆಂಬುದನ್ನು ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗದ ಕಡೆಯ ರೈತ ಬಾಂಧವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಹಿಂಡು ಇಳಿಯುತ್ತದೆ. ತಿಂದದ್ದಕ್ಕಿಂತ ಮೂತಿಯಿಂದ ಉತ್ತು ಕೆಡಿಸಿದ್ದೇ ಹೆಚ್ಚು. ಗುಡ್ಡದ ಅಂಚಿನ ಊರುಗಳಿಗೆ ಕರಡಿಯ ಭಯ ಬೇರೆ. ಊರಿನಲ್ಲಿ ಒಬ್ಬಿಬ್ಬರ ಹತ್ತಿರ ಲೈಸೆನ್ಸಿನ ಬಂದೂಕಿದ್ದರೆ ಅದರ ಸದ್ದು ಕಾಯುವುದು ಅವರ ಹೊಲವನ್ನಷ್ಟೇ ಅಲ್ಲ, ಸುತ್ತಲಿನ ಹತ್ತು ಹೊಲಗಳನ್ನು. ಆದ್ದರಿಂದ ಇಂದು ನಾವು ಬರೆಯುವ ಸಂಗತಿ ಬಂದೂಕು ಇಲ್ಲದವರಿಗೂ ಸೇರಿದ್ದೇ.

ಸಂಗತಿ ಇಷ್ಟು: ಲೈಸೆನ್ಸುದಾರ ರೈತರು ತಮ್ಮಲ್ಲೇ ಚಂದಾ ಹಾಕಿಕೊಂಡು ಒಂದು ಕಾನೂನು ರಕ್ಷಣಾ ನಿಧಿಯನ್ನು ಏರ್ಪಡಿಸಿಕೊಳ್ಳಬೇಕು.

ಕಾನೂನು ನಮಗೆ ವಿರೋಧವಾಗಿದೆಯೆಂದು ನಾವು ಹೇಳುತ್ತಿಲ್ಲ. 1878ರ ಹಳೆಯ ಕಾಯಿದೆ ಪರದೇಶಿ ಸರಕಾರ ಪ್ರಜೆಗಳನ್ನು ನಂಬದೆ ಮಾಡಿದ್ದು. ಅದರ ಜಾಗದಲ್ಲಿ ಬಂದ 1959ರ ಆಯುಧ ಕಾಯಿದೆ 1962ನೇ ಇಸವಿ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ 13ನೇ ಕಲಂ ರೈತನನ್ನು ಮರೆತಿಲ್ಲ. ನಿಜವಾಗಿ ಬೆಳೆ ಕಾಯುವುದಕ್ಕೆಂದು ಮೂತಿಯಿಂದ ಮದ್ದು ತುಂಬುವ ಬಂದೂಕು ಕೇಳಿದರೆ ಲೈಸೆನ್ಸು ಕೊಡತಕ್ಕದ್ದು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕಿಗೂ ಕೊಡಬಹುದು. ನಿರಾಕರಿಸುವುದಕ್ಕೆ ಕಾಯಿದೆಯಲ್ಲೇ ಹೇಳಿದ ಕಾರಣಗಳು ಇರಬೇಕು. 17ನೇ ಕಲಮಿನ ಪ್ರಕಾರ ಲೈಸೆನ್ಸನ್ನು ಅಮಾನತ್ತಿನಲ್ಲಿಡುವಾಗ ಅಥವಾ ರದ್ದು ಮಾಡುವಾಗ ಅಧಿಕಾರಿಯು ಕಾರಣವನ್ನು ಬರೆದಿಡಬೇಕು. ಸಾರ್ವಜನಿಕ ಹಿತಕ್ಕೆ ಬಾಧಕವೆಂದು ಕಂಡ ಸಂದರ್ಭ ಬಿಟ್ಟರೆ, ಕೇಳಿದವನಿಗೆ ಆ ಕಾರಣಗಳನ್ನು ಸಂಕ್ಷೇಪವಾಗಿ ಬರೆದು ಕೊಡಬೇಕು. 18ನೇ ಕಲಮಿನಲ್ಲಿ ಅಪೀಲಿಗೆ ಅವಕಾಶವಿದೆ, ಅಪೀಲುದಾರನ ಮಾತು ಕೇಳದೆ ಅದನ್ನು ತೀರ್ಮಾನಿಸುವಂತಿಲ್ಲ. ಕೇಸೊಂದು ನಡೆಯುತ್ತಿದೆ ಎಂಬ ಒಂದೇ ಕಾರಣದ ಮೇಲೆ ಲೈಸೆನ್ಸು ರದ್ದು ಮಾಡಲಾಗದೆಂದು ಅಲಹಾಬಾದ್ ಹೈಕೋರ್ಟು ಹಲವು ತೀರ್ಪುಗಳಲ್ಲಿ ಹೇಳಿದೆ.

ಇಷ್ಟೆಲ್ಲ ಇದ್ದೂ ನಮ್ಮ ರೈತ ಸೋಲುವುದೆಲ್ಲಿ? ಮೊದಲ ಕಾಗದದಲ್ಲೇ. ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತವನಿಗೆ ನೋಟೀಸು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಮಾತಿನ ತೆಲುಗು ನಮಗೆಲ್ಲರಿಗೂ ಬರುತ್ತದೆ, ಸಂತೆಯಲ್ಲಿ ಅದರಲ್ಲೇ ಚೌಕಾಸಿ ಮಾಡುತ್ತೇವೆ. ಕಚೇರಿಯ ತೆಲುಗು ಬೇರೆ. ಅವನು ಕಾಗದವನ್ನು ಮಡಿಚಿ ಸೂರಿನ ಸಂದಿಗೆ ಸಿಕ್ಕಿಸುತ್ತಾನೆ, ಇಲ್ಲವೆ ಯಾರೋ ತೋರಿಸಿದ ಕಡೆ ರುಜು ಹಾಕುತ್ತಾನೆ. ಉತ್ತರ ಕೊಡುವ ದಿನ ಕಳೆಯುತ್ತದೆ, ಅಪೀಲಿನ ಗಡುವೂ ಕಳೆಯುತ್ತದೆ. ಆಮೇಲೆ ವಕೀಲರ ಹತ್ತಿರ ಓಡಿದರೆ ಖರ್ಚು ಹತ್ತು ಪಟ್ಟು. ಹಿಂದೂಪುರ, ಮಡಕಶಿರಾದವರ ಜಿಲ್ಲಾ ಕಚೇರಿ 2022ರ ಏಪ್ರಿಲಿನಿಂದ ಪುಟ್ಟಪರ್ತಿ. ಕಲ್ಯಾಣದುರ್ಗ, ರಾಯದುರ್ಗದವರದು ಅನಂತಪುರ. ಹೈಕೋರ್ಟು ಇರುವುದು ಅಮರಾವತಿಯಲ್ಲಿ. ಬೆಂಗಳೂರು ಹಿಂದೂಪುರಕ್ಕೆ ನೂರು ಕಿಲೋಮೀಟರಿನ ಆಸುಪಾಸು, ಅಮರಾವತಿಯಾದರೆ ಒಂದು ರಾತ್ರಿಯ ಪ್ರಯಾಣ. ಒಂದು ಜೊತೆ ಕುರಿ ಮಾರಿದರೂ ಒಂದು ವಾಯಿದೆಗೆ ಸಾಲದು.

ಗಡಿಯಲ್ಲಿ ಬದುಕುವವರಿಗೆ ಇನ್ನೊಂದು ತೊಡಕುಂಟು. ಲೈಸೆನ್ಸಿನಲ್ಲಿ ಯಾವ ಪ್ರದೇಶಕ್ಕೆಂದು ಬರೆದಿದೆಯೋ ಬಂದೂಕಿನ ಗಡಿ ಅಷ್ಟೇ. ಹಂದಿಗೆ ಪಾವಗಡ ತಾಲ್ಲೂಕು ಯಾವುದು, ಮಡಕಶಿರಾ ಯಾವುದು ಎಂಬ ಭೇದವಿಲ್ಲ. ಬದುವಿನ ಆಚೆ ಕರ್ನಾಟಕದ ಸರ್ವೆ ನಂಬರಿನಲ್ಲೂ ಎರಡು ಎಕರೆ ಇರುವ ರೈತ ಬಂದೂಕು ಹಿಡಿದು ಅತ್ತ ಕಾಲಿಟ್ಟರೆ, ಅವನ ಲೈಸೆನ್ಸು ಆಂಧ್ರಕ್ಕೆ ಮಾತ್ರ ಸಲ್ಲುವುದಾಗಿದ್ದಲ್ಲಿ, ಅವನು ಅಲ್ಲಿ ಲೈಸೆನ್ಸಿಲ್ಲದವನೇ. ಹಾಗೆಯೇ ಅಪ್ಪನ ಹೆಸರಿನ ಬಂದೂಕನ್ನು ಮಗ ಒಬ್ಬನೇ ರಾತ್ರಿ ಕಾವಲಿಗೆ ಒಯ್ಯುವುದು ನಮ್ಮಲ್ಲಿ ವಾಡಿಕೆ. ಕಾಯಿದೆಯ 3ನೇ ಕಲಂ ಇದಕ್ಕೆ ಒಪ್ಪುವುದಿಲ್ಲ. ಲೈಸೆನ್ಸುದಾರ ಜೊತೆಯಲ್ಲಿರಬೇಕು ಅಥವಾ ಬರೆದುಕೊಟ್ಟಿರಬೇಕು. ಅದೂ ರಿಪೇರಿಗೆ, ಲೈಸೆನ್ಸಿನ ನವೀಕರಣಕ್ಕೆ, ಅಥವಾ ಲೈಸೆನ್ಸುದಾರನೇ ಉಪಯೋಗಿಸುವುದಕ್ಕೆ ಒಯ್ಯುವುದಾದರೆ ಮಾತ್ರ. ಅಪ್ಪ ತೀರಿಕೊಂಡ ಮೇಲೆ ಅಟ್ಟದ ಮೇಲೆ ಉಳಿದ ಬಂದೂಕು ಇನ್ನೂ ಅಪಾಯ. ತಡಮಾಡದೆ ಠಾಣೆಗೋ ಲೈಸೆನ್ಸಿನ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆದು, ಮಗ ತನ್ನ ಹೆಸರಿಗೆ ಅರ್ಜಿ ಹಾಕಬೇಕು. ದುಃಖದ ಮನೆಯಲ್ಲಿ ಇದನ್ನು ಯಾರು ನೆನೆಯುತ್ತಾರೆ! ಆದರೆ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡದ್ದಕ್ಕೆ 25ನೇ ಕಲಮಿನಲ್ಲಿ ಇರುವುದು ಜೈಲು.

ಚುನಾವಣೆಯ ಕಾಲದ ಠೇವಣಿಯ ಮಾತಿಗೆ ಬರೋಣ. 2024ರಲ್ಲಿ ನೀತಿಸಂಹಿತೆ ಮಾರ್ಚ್ 16ರಂದು ಜಾರಿಗೆ ಬಂತು, ಆಂಧ್ರದಲ್ಲಿ ಮತದಾನ ಮೇ 13ರಂದು, ಎಣಿಕೆ ಜೂನ್ 4ರಂದು. ಇಂಥ ಅವಧಿಯಲ್ಲಿ ಬಂದೂಕು ಠಾಣೆಯಲ್ಲಿದ್ದರೆ ಬೋರಿನ ನೀರಿನಲ್ಲಿ ಬೇಸಿಗೆ ಬೆಳೆ ಇಟ್ಟವನ ಗತಿ ಏನು? ಎಲ್ಲರಿಂದಲೂ ಕಣ್ಣುಮುಚ್ಚಿ ಬಂದೂಕು ಕಟ್ಟಿಸಿಕೊಳ್ಳಬೇಕೆಂದು ಚುನಾವಣಾ ಆಯೋಗ ಹೇಳಿಲ್ಲ. ಬೊಂಬಾಯಿ ಹೈಕೋರ್ಟಿನ ತೀರ್ಪಿನ ನಂತರ 2009ರಲ್ಲಿ ಆಯೋಗವು ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರಬೇಕೆಂದಿತು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಗಳಲ್ಲಿ, ಅದರಲ್ಲೂ ಚುನಾವಣೆಯ ಗಲಭೆಗಳಲ್ಲಿ, ಸೇರಿದವರು ಇಂಥವರ ವಿಷಯವನ್ನು ಸಮಿತಿ ನೋಡಬೇಕು. ಬೆಳೆ ಕಾಯುವ ರೈತ ಈ ಸಾಲಿಗೆ ಸೇರಿದವನಲ್ಲವೆಂದು ಸಮಿತಿಗೆ ಸಕಾಲದಲ್ಲಿ ಅರ್ಜಿ ಬರೆದುಕೊಳ್ಳಬಹುದು. ದಕ್ಷಿಣ ಕನ್ನಡದ ರೈತರು ಠೇವಣಿ ಹುಕುಮಿನ ವಿರುದ್ಧ ಹೈಕೋರ್ಟಿನವರೆಗೂ ಹೋದದ್ದುಂಟು. ನಮ್ಮವರು ಠಾಣೆಯ ಮುಂದೆ ಸರತಿ ನಿಂತು ಬಂದೂಕು ಒಪ್ಪಿಸಿ, ರಸೀದಿಯನ್ನೂ ಕೇಳದೆ ಬರುತ್ತಾರೆ.

ನಿಧಿಯ ಕೆಲಸ ಇಲ್ಲಿಂದಲೇ ಶುರುವಾಗಲಿ. ಕೋರ್ಟಿನ ದೊಡ್ಡ ವ್ಯಾಜ್ಯಕ್ಕೆ ಹಣ ಕೂಡಿಸುವುದೇ ನಿಧಿ ಎಂದು ತಿಳಿಯಬಾರದು. ಕನ್ನಡ, ತೆಲುಗು ಎರಡೂ ಬಲ್ಲ ಒಬ್ಬ ಬರವಣಿಗೆಯವನನ್ನು ಗೊತ್ತುಮಾಡಿ, ಬಂದ ನೋಟೀಸನ್ನು ಎರಡು ದಿನದೊಳಗೆ ಓದಿಸಿ ಉತ್ತರ ಬರೆಸುವುದು ಮೊದಲ ಖರ್ಚು. ಲೈಸೆನ್ಸಿನ ಗಡುವು 2019ರ ತಿದ್ದುಪಡಿಯಿಂದ ಮೂರು ವರ್ಷದ ಬದಲು ಐದು ವರ್ಷವಾಗಿದೆ. ಐದು ವರ್ಷ ಮರೆಯಲು ಸಾಕಾದಷ್ಟು ಕಾಲ, ಆದ್ದರಿಂದ ಸದಸ್ಯರ ಗಡುವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಮೂರು ತಿಂಗಳ ಮುಂಚೆ ಎಚ್ಚರಿಸುವುದು ಎರಡನೆಯದು. ವಕೀಲರ ಫೀಜು, ಅಪೀಲಿನ ಖರ್ಚು ಆಮೇಲೆ. ನೂರು ಮಂದಿ ವರ್ಷಕ್ಕೆ ಐನೂರು ರೂಪಾಯಿಯಂತೆ ಹಾಕಿದರೆ ಐವತ್ತು ಸಾವಿರವಾಯಿತು. ಹೈಕೋರ್ಟಿಗೆ ಇದು ಸಾಲದಿರಬಹುದು, ಆದರೆ ಹೈಕೋರ್ಟಿಗೆ ಹೋಗುವ ಪ್ರಮೇಯವನ್ನು ತಪ್ಪಿಸಲು ಧಾರಾಳವಾಯಿತು.

ಧರ್ಮಾರ್ಥ ಕಾನೂನು ನೆರವು ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. 1987ರ ಕಾಯಿದೆಯ ಪ್ರಕಾರ ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಗೊತ್ತಾದ ಮಿತಿಗಿಂತ ಕಡಮೆ ಆದಾಯದವರು, ಇವರಿಗೆಲ್ಲ ವಕೀಲರನ್ನು ಪುಕ್ಕಟೆಯಾಗಿ ಕೊಡುತ್ತಾರೆ. 15100 ಎಂಬ ನಂಬರಿಗೆ ಫೋನು ಮಾಡಿದರೂ ಆಯಿತು. ಅರ್ಹರಾದ ಸದಸ್ಯರನ್ನು ನಿಧಿಯವರು ಮೊದಲು ಅಲ್ಲಿಗೇ ಕಳಿಸಬೇಕು. ಇದ್ದ ಬಾವಿ ಬಿಟ್ಟು ಹೊಸ ಬಾವಿ ತೋಡುವುದೇಕೆ?

ಆದರೆ ನಿಧಿ ಯಾರಿಗಲ್ಲ ಎಂಬುದನ್ನು ಮೊದಲ ದಿನವೇ ಬರೆದಿಡಬೇಕು. ಇದರಲ್ಲಿ ದಾಕ್ಷಿಣ್ಯ ಕೂಡದು. ಕಳ್ಳ ನಾಡಬಂದೂಕು ಇಟ್ಟವನಿಗೆ ಒಂದು ಕಾಸೂ ಇಲ್ಲ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿದವನಿಗೂ ಇಲ್ಲ. ಜೀವಕ್ಕೆ ಅಪಾಯವಾಗುವಂತೆ ಹಾಗೆ ಹಾರಿಸುವುದು 2019ರಿಂದ ಪ್ರತ್ಯೇಕ ಅಪರಾಧವೇ ಆಗಿದೆ. ಶಿಕಾರಿಯವನಿಗಂತೂ ಇಲ್ಲವೇ ಇಲ್ಲ. ಬಂದೂಕಿಗೆ ಲೈಸೆನ್ಸು ಇದ್ದ ಮಾತ್ರಕ್ಕೆ ಪ್ರಾಣಿ ಕೊಲ್ಲಲು ಲೈಸೆನ್ಸು ಬಂದಂತಲ್ಲ. ಕರಡಿ, ನವಿಲು, ಕೃಷ್ಣಮೃಗ ಇವು 1972ರ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ, ಕೊಂದರೆ ಮೂರರಿಂದ ಏಳು ವರ್ಷ ಜೈಲು. 2023ರ ಏಪ್ರಿಲ್ 1ರಿಂದ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಹೊಡೆಯಲು 11ನೇ ಕಲಮಿನಂತೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದದ್ದು ಅಪರಾಧವಲ್ಲ. ಕಡಲೆಕಾಯಿ ಉಳಿಸಲು ಹೊಡೆದದ್ದಕ್ಕೆ ಆ ರಕ್ಷಣೆಯಿಲ್ಲ. ಹೆದರಿಸುವ ಸದ್ದು ಬೇರೆ, ಕೊಲ್ಲುವ ಗುಂಡು ಬೇರೆ. ಕಾಸರಗೋಡಿನ ಕಡೆ, ಕೇರಳ ಸರಕಾರ 2022ರಲ್ಲಿ ಈ ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ವಹಿಸಿತು. ಪಟ್ಟಿಯಲ್ಲಿ ಹೆಸರಿರುವ ಲೈಸೆನ್ಸುದಾರರು ಕಾಗದ ಕೈಯಲ್ಲಿ ಹಿಡಿದೇ ಹೋಗುತ್ತಾರೆ. ಅಂಥ ಏರ್ಪಾಡು ನಮ್ಮಲ್ಲೂ ಬರಲೆಂದು ಅರ್ಜಿ ಹಾಕುವುದೂ ನಿಧಿಯವರ ಕೆಲಸವಾಗಬಹುದು.

ಇಷ್ಟು ಬಿಗಿ ಮಾಡಿದರೆ ಸೇರುವವರು ಯಾರು ಎಂದು ಗೆಳೆಯರೊಬ್ಬರು ನಕ್ಕರು. ಬಿಗಿಯಿಲ್ಲದಿದ್ದರೆ ಮೊದಲ ವರ್ಷವೇ ಒಬ್ಬ ಶಿಕಾರಿಯವನ ಕೇಸಿಗೆ ನೂರು ಮಂದಿಯ ಹಣ ಕರಗುತ್ತದೆ, ನೂರು ಮಂದಿಯ ಹೆಸರೂ ಕೆಡುತ್ತದೆ. ಕೊಡಗಿನವರ ಬಂದೂಕಿನ ವಿನಾಯಿತಿಯನ್ನು 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಅವರಿಗೆ ನೂರೈವತ್ತು ವರ್ಷಕ್ಕೂ ಮೀರಿದ ಪರಂಪರೆಯ ಬಲವಿದೆ. ಅಮೆರಿಕದಲ್ಲಿ ಬಂದೂಕಿನವರ ಕಾನೂನು ನಿಧಿ 1978ರಿಂದಲೂ ಇದೆ, ಆದರೆ ಅಲ್ಲಿ ಬಂದೂಕು ಸಂವಿಧಾನ ಕೊಟ್ಟ ಹಕ್ಕು. ನಮಗೆ ಇರುವುದು ಲೈಸೆನ್ಸು ಮಾತ್ರ, ಅದರ ಬಲವೆಲ್ಲ ನಾವು ಸರಿಯಾಗಿ ನಡೆದುಕೊಂಡೆವೆಂಬ ದಾಖಲೆಯಲ್ಲಿದೆ.

ಬಂದೂಕು ಕೈತಪ್ಪಿದ ರೈತ ಸುಮ್ಮನೆ ಕೂರುವನೆಂದೂ ತಿಳಿಯಬೇಡಿ. ಬೇಲಿಗೆ ಕರೆಂಟು ಕೊಡುತ್ತಾನೆ. ಆ ತಂತಿಗೆ ಹಂದಿ ಬೀಳುವ ಮೊದಲು ನಸುಕಿನಲ್ಲಿ ನೀರು ಕಟ್ಟಲು ಬಂದ ಪಕ್ಕದ ಹೊಲದವನು ಬೀಳುತ್ತಾನೆ. ಅಜಾಗರೂಕತೆಯಿಂದ ಸಾವು ತಂದದ್ದಕ್ಕೆ 2024ರ ಜುಲೈನಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಸಜೆಯಿದೆ. ಸತ್ತವನ ಹೆಂಡತಿ ಮಕ್ಕಳಿಗೆ ಆ ಸಜೆಯಿಂದ ಏನೂ ಆಗುವುದಿಲ್ಲ.

ಏರ್ಪಾಡಿನ ಮಾತು ಬೇಗ ಮುಗಿಸುತ್ತೇವೆ. 2001ರ ಆಂಧ್ರಪ್ರದೇಶ ಸೊಸೈಟಿಗಳ ಕಾಯಿದೆಯಲ್ಲಿ ಸಂಘವನ್ನು ರಿಜಿಸ್ಟರು ಮಾಡಿಸಿ, ಬ್ಯಾಂಕಿನಲ್ಲಿ ಇಬ್ಬರ ರುಜುವಿನ ಖಾತೆ ತೆರೆಯಬೇಕು. ಖರ್ಚೆಲ್ಲ ಚೆಕ್ಕಿನಲ್ಲೇ ಆಗಲಿ. ದಂಡದ ಹಣ ನಿಧಿಯಿಂದ ಸಲ್ಲದು, ಅದು ತಪ್ಪು ಮಾಡಿದವನದೇ. ಠಾಣೆಯ "ಚಹಾ ಖರ್ಚು" ಎಂಬ ಬಾಬತ್ತಿಗೆ ಜಮಾಖರ್ಚಿನಲ್ಲಿ ಕಾಲಂ ಇರಕೂಡದು. ಪಕ್ಷದ ಪದಾಧಿಕಾರಿಗಳನ್ನು ಹಣದ ಪೆಟ್ಟಿಗೆಯ ಹತ್ತಿರ ಸೇರಿಸಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ, ಯಾವ ಪಕ್ಷವಾದರೂ ಸರಿಯೆ.

ಕಡಲೆಕಾಯಿ ಬಿಡಿಸಿ ಬಳ್ಳಿಯನ್ನು ಮೆದೆ ಒಟ್ಟಿದ ಮೇಲೆ ರೈತರಿಗೆ ನಾಲ್ಕು ದಿನ ಬಿಡುವು ಸಿಗುತ್ತದೆ. ಆಗ ಒಂದು ಸಂತೆಯ ದಿನ ತಾಲ್ಲೂಕಿನ ಲೈಸೆನ್ಸುದಾರರು ಒಂದೆಡೆ ಕೂಡಬಹುದು. ಬರುವಾಗ ಬಂದೂಕು ಬೇಡ. ಲೈಸೆನ್ಸಿನ ಒಂದು ಪ್ರತಿ, ಪಹಣಿಯ ಒಂದು ಪ್ರತಿ, ಮತ್ತು ಸೂರಿನ ಸಂದಿಯಲ್ಲಿ ಓದದೆ ಉಳಿದ ನೋಟೀಸು ಯಾವುದಾದರೂ ಇದ್ದರೆ ಅದನ್ನು ತನ್ನಿರಿ.