ಕತಿ ಅಕೀದು, ಪಾತ್ರ ಮಾತ್ರ ಇನ್ನೊಬ್ಬಾಕಿದು

ಈಗಿನ ಕಿರುಚಿತ್ರ ಮಾಡೋ ಹುಡುಗರ ಮ್ಯಾಲೆ ನನಗ ಭಾಳ ದಿನದ ಸಿಟ್ಟದ. ಇವತ್ತು ಬರದೇ ಬಿಡ್ತೀನಿ. ವೈನಿ, ಮೌಶಿ, ಓಣ್ಯಾಗಿನ ಅಕ್ಕಂದಿರು ಎಲ್ಲಾರೂ ಓದ್ರಿ. ನನ್ನ ಮಾತು ಸೇರಲಿಲ್ಲ ಅಂದ್ರ ಫೋನ್ ಹಚ್ಚಿ ಜಗಳಾಡ್ರಿ.

ಕಿರುಚಿತ್ರ ಅಂದಕೂಡ್ಲೆ ಅದರಾಗ ಒಬ್ಬ ವಯಸ್ಸಾದ ತಾಯಿ ಬಂದಳು ಅಂತ ತಿಳೀರಿ. ಮಗ ಅಮೆರಿಕಾಕ್ಕ ಹೋಗ್ಯಾನ, ತಾಯಿ ಕಿಡಕಿ ಹಂತೇಲೆ ಕೂತಾಳ. ಇಲ್ಲಾ ಅಕಿಗೆ ಮರವಿನ ರೋಗ. ಇಲ್ಲಾ ವೃದ್ಧಾಶ್ರಮದ ಗೇಟಿನ ಮುಂದ ಗಂಟು ಹಿಡಕೊಂಡು ನಿಂತಾಳ. ಕತಿ ಎಲ್ಲಾ ನಮ್ದ. ಆದ್ರ ಕ್ಯಾಮೆರಾ ಯಾರ ಮಾರಿ ನೋಡ್ತದ? ಮಗನ ಮಾರಿ. ಪಶ್ಚಾತ್ತಾಪ ಪಡಾಂವ ಅವ, ಅಳಾಂವ ಅವ, ಮಳ್ಯಾಗ ತೊಯ್ಸಿಕೊಂಡು ಓಡಿ ಬರಾಂವ ಅವ. ತಾಯಿಗೆ ಇರೋದು ಎರಡ ಮಾತು: "ಊಟ ಆತೇನೋ", "ಹುಷಾರಪ್ಪ". ಕಡೀಕೆ ಹಾರ ಹಾಕಿದ ಒಂದು ಫೋಟೋ. ಮುಗೀತು.

ಗಂಡಸರಿಗೆ ಹಿಂಗ ಆಗೂದಿಲ್ಲ ನೋಡ್ರಿ. 2015ರಾಗ 'ತಿಥಿ' ಸಿನಿಮಾ ಬಂತು. ಮಂಡ್ಯದ ಕಡೆ ಹಳ್ಳಿ, ಮೊದಲೆಂದೂ ಕ್ಯಾಮೆರಾ ಮುಂದ ನಿಲ್ಲದ ಮಂದಿ. ಬಿಳೇ ಗಡ್ಡದ ಗಡ್ಡಪ್ಪ ಊರೂರಿಗೆ ಹೀರೋ ಆದ್ರು, ಆಮ್ಯಾಲೆ ಅವರನ್ನ ಹುಡುಕ್ಕೊಂಡು ಬ್ಯಾರೆ ಸಿನಿಮಾದವರು ಬಂದ್ರು. ಮರುವರ್ಷ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ಅನಂತನಾಗ್ ಅವರಿಗೆ ಆವಾಗ ಅರವತ್ತೇಳು. ಮರವಿನ ರೋಗದ ಅಪ್ಪನ ಪಾತ್ರ, ಇಡೀ ಸಿನಿಮಾ ಅವರ ಹೆಗಲ ಮ್ಯಾಲೆ. ನಾ ಎರಡು ಸಲ ನೋಡೀನಿ, ಎರಡೂ ಸಲ ಅತ್ತೀನಿ. ಅದಕ್ಕ ನಂದೇನು ತಕರಾರಿಲ್ಲ. ಅಪ್ಪ ಮರತ್ರ ಅವ ನಾಯಕ, ಅವ್ವ ಮರತ್ರ ಅಕಿ ಮಗನ ದುಃಖಕ್ಕ ಒಂದು ಕಾರಣ ಅಷ್ಟ, ಯಾಕ? ನನ್ನ ತಕರಾರು ಇದು.

ಈ ಚಾಳಿ ಇವತ್ತಿಂದಲ್ಲ. ಪಂಢರಿಬಾಯಿ 1954ರ 'ಬೇಡರ ಕಣ್ಣಪ್ಪ'ದಾಗ ರಾಜಕುಮಾರ್ ಅವರ ನಾಯಕಿ. ಇಬ್ಬರದೂ ಹೆಚ್ಚುಕಡಿಮಿ ಒಂದ ವಯಸ್ಸು. ಮುಂದ ಅದೇ ಪಂಢರಿಬಾಯಿ ಅದೇ ರಾಜಕುಮಾರರ ತಾಯಿ ಆಗಿ ಬಂದ್ರು, ಅವರು ಮಾತ್ರ ನಾಯಕರಾಗೇ ಉಳದ್ರು. ಹಿಂದಿ ಕಡೆನೂ ಇದ ಹಣೇಬರ. 2005ರ 'ವಕ್ತ್'ನ್ಯಾಗ ಶೆಫಾಲಿ ಶಾ ಅಕ್ಷಯ್ ಕುಮಾರನ ತಾಯಿ. ಮಗಗಿಂತ ತಾಯೀನ ಸಣ್ಣಾಕಿ!

ದೊಡ್ಡ ಸಿನಿಮಾದವರನ್ನ ಕೇಳಿದ್ರ ಕೋಟಿ ಲೆಕ್ಕ ಹೇಳ್ತಾರ. ಥಿಯೇಟರ್ ತುಂಬಬೇಕು, ಟಿವಿಯವರು ಕೊಳ್ಳಬೇಕು, ವಯಸ್ಸಾದಾಕಿನ್ನ ನೋಡಾಕ ಯಾರು ಬರ್ತಾರ ಅಂತಾರ. ಆತು, ಅದನ್ನ ಅರ್ಧಾ ಒಪ್ಪೋಣು. ಆದ್ರ ಹದಿನೈದು ನಿಮಿಷದ ಕಿರುಚಿತ್ರಕ್ಕ ಯಾವ ಥಿಯೇಟರ್? ಯಾವ ಟಿಕೆಟ್? ಗೆಳ್ಯಾರು ಕೂಡಿ ರೊಕ್ಕ ಹಾಕಿ, ಎರಡು ಮೂರು ದಿನದಾಗ ತಗದು, ಯೂಟ್ಯೂಬಿಗೆ ಬಿಡೋ ಕೆಲಸ. ಅದನ್ನ ನೋಡಾವ್ರಾದ್ರೂ ಯಾರು? ಮಧ್ಯಾಹ್ನ ಭಾಂಡೆ ತಿಕ್ಕಿ, ಫೋನ್ ಹಿಡಕೊಂಡು ಅಡ್ಡಾಗೋ ನಾವ. ದೊಡ್ಡಾವ್ರ ನೆಪ ಸಣ್ಣಾವ್ರಿಗೆ ಇಲ್ಲೇ ಇಲ್ಲ, ಆದ್ರೂ ಅವರ ಚಾಳಿ ಮಾತ್ರ ಬಿಟ್ಟಿಲ್ಲ.

ಚಾಳಿ ಬಿಟ್ಟಾವ್ರು ಏನು ಮಾಡ್ಯಾರ ನೋಡಬೇಕಂದ್ರ ನೀರಜ್ ಘೇವಾನ್ ಅವರ 'ಜ್ಯೂಸ್' ನೋಡ್ರಿ. 2017ರದು, ಹದಿನೈದು ನಿಮಿಷನೂ ಇಲ್ಲ. ಅಲ್ಲೆ ಅದೇ ಶೆಫಾಲಿ ಶಾ, ನಲವತ್ತು ದಾಟಿದಾಕಿ. (ನಲವತ್ತಕ್ಕ ಹಿರಿಯಾಕಿ ಅಂದ್ರ ನಮಗ ನಗು ಬರ್ತದ, ಸಿನಿಮಾದ ಪಂಚಾಂಗನ ಬ್ಯಾರೆ.) ಮನಿಗೆ ಮಂದಿ ಬಂದಾರ. ಗಂಡಸರು ಪಡಸಾಲ್ಯಾಗ ಕೂಲರ್ ಮುಂದ ಹರಟಿ ಹೊಡೀತಾರ, ಹೆಂಗಸರು ಅಡಿಗಿಮನ್ಯಾಗ ಬೇಯ್ತಾರ. ಒಂದು ಫ್ಯಾನಿಗೂ ಪರದಾಟ. ಕಡೀಕೆ ಅಕಿ ಫ್ರಿಜ್ ತಗದು ಒಂದು ಗ್ಲಾಸ್ ಜ್ಯೂಸ್ ಹಾಕ್ಕೊಂಡು, ಕುರ್ಚಿ ಎಳಕೊಂಡು ಬಂದು ಕೂಲರ್ ಮುಂದ ಕೂಡ್ತಾಳ. ಗಂಡನ್ನ ಸುಮ್ಮ ನೋಡ್ತಾಳ. ಒಂದು ಮಾತಿಲ್ಲ. ಇಪ್ಪತ್ತೆರಡರ ಹುಡುಗಿ ಹಂಗ ನೋಡಿದ್ರ ಸೆಡವು ಮಾಡ್ಯಾಳ ಅನಸ್ತದ. ಇಪ್ಪತ್ತು ವರ್ಷ ಆ ಅಡಿಗಿಮನ್ಯಾಗ ನಿಂತಾಕಿ ನೋಡಿದ್ರ ಗಂಡನ ಕಣ್ಣು ಕೆಳಗ ಇಳೀತದ. ಅದೇ ವರ್ಷದ 'ಖುಜ್ಲಿ'ಯಾಗ ನೀನಾ ಗುಪ್ತಾ, ಜಾಕಿ ಶ್ರಾಫ್. ವಯಸ್ಸಾದ ಗಂಡ-ಹೆಂಡ್ತಿ ಮಲಗೋ ಖೋಲ್ಯಾಗಿನ ಚೇಷ್ಟಿ. ಅತ್ತಿ-ಸೊಸಿ ಕೂಡಿ ನೋಡಬ್ಯಾಡ್ರಿ, ಬ್ಯಾರೆ ಬ್ಯಾರೆ ನೋಡ್ರಿ. ಆ ವರ್ಷನ ನೀನಾ ಗುಪ್ತಾ ತನಗ ಕೆಲಸ ಬೇಕಂತ ಇನ್‌ಸ್ಟಾಗ್ರಾಂನ್ಯಾಗ ತಾವ ಬರಕೊಂಡಿದ್ರು. ಮರುವರ್ಷ 'ಬಧಾಯಿ ಹೋ' ಬಂತು, ಮಂದಿ ನೋಡಿದ್ರೋ ಇಲ್ಲೋ ನಿಮಗೇ ಗೊತ್ತದ.

ಈಗ ನಮ್ಮ ಮನಿ ಕತಿ ಹೇಳ್ತೀನಿ. ಹೋದ ವರ್ಷ ಬಳಗದ ಹುಡುಗನೊಬ್ಬ ನಮ್ಮ ಮನ್ಯಾಗ ಶೂಟಿಂಗ್ ಇಟ್ಟ. ಹಳೇ ಮನಿ, ನಾಗೊಂದಗಿ, ಬಂಕ, ಎಲ್ಲಾ ಬೇಕಾಗಿತ್ತಂತ. ಕತಿ ಅರವತ್ತರ ಒಬ್ಬ ವಿಧವೆಯದು. ಪಾತ್ರಕ್ಕ ಬಂದಾಕಿ ಇಪ್ಪತ್ತೆಂಟರ ಹುಡುಗಿ. ಕೂದಲಕ್ಕ ಬಿಳೇ ಬಣ್ಣ ಬಳದು, ಹಣಿ ಮ್ಯಾಲೆ ಪೆನ್ಸಿಲ್‌ಲೆ ಗೀರು ಎಳದಿದ್ರು. ಹುಡುಗಿ ಭಾಳ ಚಲೋ, ಉಂಡ ತಾಟು ತಾನ ತೊಳದಿಟ್ಲು, ಅಕಿ ಮ್ಯಾಲೆ ನಂದೇನೂ ಇಲ್ಲ. ಆದ್ರ ಜ್ವಾಳದ ರೊಟ್ಟಿ ಬಡಿಯೋ ಸೀನ್ ಬಂತು. ಅಕಿಗೆ ಹಿಟ್ಟು ನಾದಾಕೂ ಬರಲಿಲ್ಲ, ರೊಟ್ಟಿ ಅಂಚಿನ್ಯಾಗ ಹರಕೋತ ಹೋತು. ಆವಾಗ ನಮ್ಮ ಡೈರೆಕ್ಟರ್ ಸಾಹೇಬ್ರು ಬಂದು, "ಅತ್ಯಾ, ನಿಮ್ಮ ಕೈ ಅಷ್ಟ ತಗೋತೀವಿ" ಅಂದ್ರು.

ಕೈ ಅಷ್ಟ! ಆ ಚಿತ್ರದಾಗ ರೊಟ್ಟಿ ಬಡಿಯೋ ಕೈಗೆ ಅರವತ್ತು ದಾಟೇದ, ಮಾರಿಗೆ ಇಪ್ಪತ್ತೆಂಟು.

ನನ್ನ ತಗೋಬೇಕಿತ್ತು ಅಂತ ಹೇಳಾಕತ್ತಿಲ್ಲ, ನನಗ ಕ್ಯಾಮೆರಾ ಕಂಡ್ರ ನಗು ತಡಿಯೂದಿಲ್ಲ. ಆದ್ರ ಬಾದಾಮಿ ಬನಶಂಕರಿ ಜಾತ್ರ್ಯಾಗ ಕಂಪನಿ ನಾಟಕ ನೋಡೀರಲ್ಲ? ದಿನಕ್ಕ ಒಂದಕ್ಕಿಂತ ಹೆಚ್ಚು ಆಟ, ಪೂರಾ ರಾತ್ರಿ ದನಿ ಎತ್ತರಿಸಿ ಮಾತು, ಹಾಡು, ಕುಣಿತ. ಹಂಗ ದುಡದ ಹೆಣಮಕ್ಕಳು ಈಗ ವಯಸ್ಸಾಗಿ ಗದಗ, ಇಳಕಲ್ಲ, ಹುಬ್ಬಳ್ಳಿ ಓಣ್ಯಾಗ ಮನಿ ಹಿಡದು ಕೂತಾರ. ಅವರಿಗೆ ಮಾತು ನೆನಪಿರೂದಿಲ್ಲ ಅಂತೀರಾ? ಪೂರಾ ನಾಟಕ ಬಾಯಿಪಾಠ ಇದ್ದಾವ್ರು ಅವರು.

ಉಮಾಶ್ರೀ ಸಣ್ಣ ವಯಸ್ಸಿನ್ಯಾಗ 'ಒಡಲಾಳ'ದ ಮುದುಕಿ ಸಾಕವ್ವನ್ನ ಮಾಡಿ ಗೆದ್ದರಲ್ಲ ಅಂತ ಆ ಹುಡುಗ ನನಗ ತಿರಗಿ ಕೇಳಿದ. ಖರೇ, ಗೆದ್ರು. ಅದು ರಂಗದ ಮ್ಯಾಲೆ. ಹಿಂದಿನ ಸಾಲಿನ್ಯಾಗ ಕೂತಾವ್ರಿಗೆ ಬೆನ್ನು, ದನಿ, ನಡಗಿ ಕಾಣ್ತದ, ಚರ್ಮ ಕಾಣೂದಿಲ್ಲ. ಕ್ಯಾಮೆರಾ ಗೇಣುದ್ದ ದೂರದಾಗ ಇರ್ತದ, ಪೆನ್ಸಿಲ್ ಗೀರು ಪೆನ್ಸಿಲ್ ಗೀರಾಗೇ ಕಾಣ್ತದ. ಮತ್ತ ಅದೇ ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ಬಂದದ್ದು ಯಾವುದಕ್ಕ? ಐವತ್ತರ ಹತ್ರ ಬಂದಾಗ, ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'ನ್ಯಾಗ ಸೂಲಗಿತ್ತಿ ಗುಲಾಬಿ ಆಗಿದ್ದಕ್ಕ. 2019ರಾಗ ಶೇಷಾದ್ರಿಯವರು 'ಮೂಕಜ್ಜಿಯ ಕನಸುಗಳು' ತಗದಾಗ ಅಜ್ಜಿ ಪಾತ್ರಕ್ಕ ಬಿ. ಜಯಶ್ರೀ ಅವರನ್ನ ಕರದ್ರು, ಅವರಿಗೆ ಆಗಲೇ ಎಪ್ಪತ್ತರ ಸಮೀಪ. ಮೂಕಜ್ಜಿ ಅಂದ್ರ ಅಳೋ ಅಜ್ಜಿ ಅಲ್ಲ, ದೇವರನ್ನೂ ಊರನ್ನೂ ಕೂತಲ್ಲೇ ಅಳಿಯೋ ಅಜ್ಜಿ. ಅದನ್ನ ಬಣ್ಣ ಬಳಕೊಂಡ ಹುಡುಗಿ ಕಡಿಂದ ಹೇಳಸ್ರಿ ನೋಡೋಣು.

"ಹಿರಿಯರಿಗೆ ಹನ್ನೆರಡು ತಾಸು ನಿಲ್ಲಾಕ ಆಗೂದಿಲ್ಲ ಅತ್ಯಾ" ಅನ್ನೋದು ಇನ್ನೊಂದು ನೆಪ. ನಿಲ್ಲಸಬ್ಯಾಡ್ರಿ ಮತ್ತ! ಮುಂಜಾನೆ ಅಕೀ ಸೀನ್ ಮುಗಸ್ರಿ, ಒಂದು ಕುರ್ಚಿ ಹಾಕ್ರಿ, ಪಾಯಖಾನಿ ಹತ್ರ ಇರೋ ಮನಿ ನೋಡ್ರಿ, ಶುಗರ್ ಇದ್ರ ಹೊತ್ತಿಗೆ ಸರಿಯಾಗಿ ಊಟ ಕೊಡ್ರಿ. ಲೆನ್ಸಿಗೆ ದಿನದ ಬಾಡಿಗಿ ಎಷ್ಟಂತ ಹೊಂದಿಸಿಕೊಂಡೇ ಬರ್ತಾರಲ್ಲ, ಅಕಿಗೂ ಹೊಂದಸ್ಲಿ. ರೊಕ್ಕದ ಮಾತು ಬಂದಾಗ ಮಾತ್ರ "ಅಜ್ಜಿ ನಮ್ಮಾವ್ರ" ಅಂತ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತಗಸ್ತಾರ. ಶಾಲು ನಮ್ಮ ಟ್ರಂಕಿನ್ಯಾಗ ಹನ್ನೊಂದು ಅದಾವ.

ಅದಕ್ಕ ನಿಮಗೊಂದು ಹೇಳ್ತೀನಿ. ಈ ಹುಡುಗರಿಗೆ ನಮ್ಮ ಮನಿ ಬೇಕು, ಹಿತ್ತಾಳಿ ಭಾಂಡೆ ಬೇಕು, ಇಳಕಲ್ ಸೀರಿ ಬೇಕು, ಇಪ್ಪತ್ತು ಮಂದಿಗೆ ಚಾ-ಅವಲಕ್ಕಿ ಬೇಕು. ಕೀಲಿ ಕೈ ಕೊಡೋಕಿಂತ ಮೊದಲು ಪಾತ್ರ ಯಾರು ಮಾಡ್ತಾರ, ಅಕೀ ವಯಸ್ಸೆಷ್ಟು, ರೊಕ್ಕ ಎಷ್ಟು ಅಂತ ಕೇಳ್ರಿ. ಮೊನ್ನೆ ಅದೇ ಹುಡುಗ ದೀಪಾವಳಿ ಕತಿಗೆ ನಮ್ಮ ತಾಮ್ರದ ಹಂಡೆ ಕೇಳಿಕೊಂಡು ಬಂದಿದ್ದ. ಅಭ್ಯಂಗಕ್ಕ ನೀರು ಹಾಕೋ ಅಜ್ಜಿ ಯಾರು ಅಂದೆ. ಇನ್ನೂ ನಕ್ಕಿ ಆಗಿಲ್ಲ ಅಂದ. ಆದ ಮ್ಯಾಲೆ ಬಾ ಅಂತ ಹೇಳಿ ಕಳಿಸೀನಿ, ಹಂಡೆ ಅಟ್ಟದ ಮ್ಯಾಲೇ ಅದ.